ಕುಟುಂಬದ ಎಸ್‌ಯುವಿ ಮತ್ತು ರೀಕಾಲ್: ಫೋರ್ಡ್ ಎಕ್ಸ್‌ಪ್ಲೋರರ್ ಕಲಿಸಿದ ಪಾಠ

ಕಾರು ತಯಾರಿಸುವ ಕಂಪೆನಿಯೊಂದು ತಾನು ಈಗಾಗಲೇ ಮಾರಾಟ ಮಾಡಿದ ವಾಹನಗಳನ್ನು ‘ವಾಪಸ್ ಕರೆಸಿಕೊಳ್ಳುತ್ತಿದೆ’ ಎಂಬ ಸುದ್ದಿ ಈಗ ಅಪರೂಪವೇನಲ್ಲ. ಈ ಸುದ್ದಿ ಓದಿದವರಲ್ಲಿ ಕೆಲವರು ಆ ಕಂಪೆನಿಯ ಕಾರೇ ಕಳಪೆ ಎಂದು ತೀರ್ಮಾನಿಸಿಬಿಡುತ್ತಾರೆ. ಇನ್ನು ಕೆಲವರು, ತಮ್ಮ ಕಾರು ಚೆನ್ನಾಗಿಯೇ ಓಡುತ್ತಿರುವಾಗ ಸರ್ವಿಸ್ ಸ್ಟೇಷನ್‌ಗೆ ಒಯ್ಯುವ ಗೊಡವೆ ಏಕೆ ಎಂದು ಪುಟ ಮಗುಚುತ್ತಾರೆ. ಈ ಎರಡೂ ನಿಲುವುಗಳು ಎಷ್ಟು ಅಪಾಯಕಾರಿ ಎಂಬುದನ್ನು ತಿಳಿಯಲು ಅಮೆರಿಕದ ಫೋರ್ಡ್ ಎಕ್ಸ್‌ಪ್ಲೋರರ್ ವಾಹನದ ಚರಿತ್ರೆಯನ್ನು ನೋಡಿದರೆ ಸಾಕು. ಮೂರು ದಶಕಗಳಿಗೂ ಮಿಕ್ಕಿದ ಅವಧಿಯಲ್ಲಿ ಲಕ್ಷಾಂತರ ಕುಟುಂಬಗಳನ್ನು ಹೊತ್ತು ಸಾಗಿದ ಈ ಒಂದು ವಾಹನದಲ್ಲಿ ಪ್ರಾಣಾಂತಿಕ ದೋಷ, ಜೇಬಿಗೆ ಮಾತ್ರ ಭಾರವಾದ ದೋಷ, ಅರೆಬರೆ ಪರಿಹಾರ ಕಂಡ ದೋಷ ಎಲ್ಲವೂ ಸಿಗುತ್ತವೆ. ಜಗತ್ತಿನ ವಾಹನ ಸುರಕ್ಷತಾ ಕಾನೂನುಗಳ ಮೇಲೂ ಅದರ ಪ್ರಭಾವ ಸಣ್ಣದಲ್ಲ.

ರೀಕಾಲ್ ಎಂದರೇನು?

ವಾಹನವೊಂದರ ವಿನ್ಯಾಸದಲ್ಲಿ, ಬಿಡಿಭಾಗದಲ್ಲಿ ಅಥವಾ ಜೋಡಣೆಯಲ್ಲಿ ಉಳಿದ ತಪ್ಪಿನಿಂದ ಪ್ರಾಣಾಪಾಯದ ಸಂಭವವಿದ್ದರೆ, ತಯಾರಕರು ಅಂಥ ವಾಹನಗಳ ಮಾಲೀಕರಿಗೆ ತಿಳಿಸಿ, ತಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡುವ ವ್ಯವಸ್ಥೆಯೇ ರೀಕಾಲ್. ಅಮೆರಿಕದಲ್ಲಿ ಇದಕ್ಕೆ 1966ರ ರಾಷ್ಟ್ರೀಯ ಸಂಚಾರ ಮತ್ತು ಮೋಟಾರು ವಾಹನ ಸುರಕ್ಷತಾ ಕಾಯ್ದೆಯೇ ತಳಹದಿ. ಇದರ ಮೇಲ್ವಿಚಾರಣೆ ನ್ಯಾಷನಲ್ ಹೈವೇ ಟ್ರಾಫಿಕ್ ಸೇಫ್ಟಿ ಅಡ್ಮಿನಿಸ್ಟ್ರೇಷನ್ (ಎನ್‌ಎಚ್‌ಟಿಎಸ್‌ಎ) ಎಂಬ ಸರಕಾರಿ ಸಂಸ್ಥೆಯದು. ಸುರಕ್ಷತಾ ದೋಷ ಇದೆಯೆಂದು ಖಚಿತವಾದ ಐದು ಕೆಲಸದ ದಿನಗಳೊಳಗೆ ಕಂಪೆನಿಯು ಈ ಸಂಸ್ಥೆಗೆ ವರದಿ ಸಲ್ಲಿಸಬೇಕು. ಆ ಬಳಿಕ ಮಾಲೀಕರಿಗೆ ಪತ್ರ ಬರೆಯಬೇಕು.

ಎಲ್ಲ ದೋಷವೂ ರೀಕಾಲ್‌ಗೆ ಅರ್ಹವಲ್ಲ. ಎಂಜಿನ್ ಸದ್ದು ಮಾಡುವುದು, ಗೇರ್ ಎಳೆದಂತಾಗುವುದು, ಬಣ್ಣ ಸುಲಿಯುವುದು ಮಾಲೀಕರಿಗೆ ಕಿರಿಕಿರಿ ಹಾಗೂ ಖರ್ಚಿನ ವಿಷಯ. ಬ್ರೇಕು, ಸ್ಟಿಯರಿಂಗ್, ಟೈರು, ಬೆಂಕಿ, ಏರ್‌ಬ್ಯಾಗ್ ಮುಂತಾದವು ಪ್ರಾಣದ ವಿಷಯ. ಈ ಎರಡರ ನಡುವಿನ ಗೆರೆ ಎಲ್ಲಿ ಎಳೆಯಬೇಕು ಎಂಬುದರ ಮೇಲೆಯೇ ಕಂಪೆನಿಗಳಿಗೂ ಸರಕಾರಕ್ಕೂ ಜಗ್ಗಾಟ ನಡೆಯುವುದು.

ಸ್ಟೇಷನ್ ವ್ಯಾಗನ್ ಸ್ಥಾನಕ್ಕೆ ಬಂದ ವಾಹನ

ಎಕ್ಸ್‌ಪ್ಲೋರರ್ 1990ರಲ್ಲಿ, 1991ರ ಮಾದರಿಯಾಗಿ ಮಾರುಕಟ್ಟೆಗೆ ಬಂತು. ರೇಂಜರ್ ಎಂಬ ಪಿಕಪ್ ಟ್ರಕ್ಕಿನ ಚಾಸಿಸ್ ಮೇಲೆ ಮುಚ್ಚಿದ ಬಾಡಿ ಕೂರಿಸಿ, ನಾಲ್ಕು ಬಾಗಿಲು ಇಟ್ಟು, ಒಳಗೆ ಕಾರಿನ ಸೌಕರ್ಯ ಒದಗಿಸಿದ ವಾಹನವಿದು. ಅಲ್ಲಿಯವರೆಗೆ ಸ್ಟೇಷನ್ ವ್ಯಾಗನ್ ಕೊಳ್ಳುತ್ತಿದ್ದ ಕುಟುಂಬಗಳು ಎತ್ತರದ ಆಸನ, ವಿಶಾಲ ಜಾಗ, ಗಟ್ಟಿಮುಟ್ಟಾದ ನೋಟಕ್ಕೆ ಮನಸೋತವು. 1990ರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಎಸ್‌ಯುವಿ ಇದೇ. 2000ರ ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 4 ಲಕ್ಷ 45 ಸಾವಿರ ಎಕ್ಸ್‌ಪ್ಲೋರರ್‌ಗಳು ಮಾರಾಟವಾದವು.

ಈ ವಾಹನಕ್ಕೆ ಟೈರು ಒದಗಿಸುತ್ತಿದ್ದುದು ಮುಖ್ಯವಾಗಿ ಫೈರ್‌ಸ್ಟೋನ್. ಹೆನ್ರಿ ಫೋರ್ಡ್ ಹಾಗೂ ಹಾರ್ವೆ ಫೈರ್‌ಸ್ಟೋನ್ ಆಪ್ತ ಮಿತ್ರರು. 1906ರಿಂದಲೇ ಇಬ್ಬರ ನಡುವೆ ವ್ಯವಹಾರವಿತ್ತು. ಮುಂದೆ ಎರಡು ಕುಟುಂಬಗಳ ನಡುವೆ ನೆಂಟಸ್ತನವೂ ಬೆಳೆಯಿತು. 1999ರಲ್ಲಿ ಫೋರ್ಡ್ ಕಂಪೆನಿಯ ಅಧ್ಯಕ್ಷರಾದ ವಿಲಿಯಂ ಕ್ಲೇ ಫೋರ್ಡ್ ಜೂನಿಯರ್ ಅವರ ತಾಯಿ, ಹಾರ್ವೆ ಫೈರ್‌ಸ್ಟೋನ್ ಅವರ ಮೊಮ್ಮಗಳು. ಆ ಹೊತ್ತಿಗೆ ಟೈರು ಕಂಪೆನಿ ಮಾತ್ರ ಕುಟುಂಬದ ಕೈಯಲ್ಲಿರಲಿಲ್ಲ. ಜಪಾನಿನ ಬ್ರಿಜ್‌ಸ್ಟೋನ್ 1988ರಲ್ಲಿ ಅದನ್ನು ಕೊಂಡುಕೊಂಡಿತ್ತು.

ಟೈರಿನೊಳಗೆ ನಡೆದದ್ದು

ರೇಡಿಯಲ್ ಟೈರಿನಲ್ಲಿ ನೆಲಕ್ಕೆ ತಾಗುವ ದಪ್ಪ ರಬ್ಬರಿನ ಪದರದ ಕೆಳಗೆ, ಒಂದರ ಮೇಲೊಂದು ಸುತ್ತಿದ ಎರಡು ಉಕ್ಕಿನ ಪಟ್ಟಿಗಳಿರುತ್ತವೆ. ಸಣ್ಣ ಉಕ್ಕಿನ ತಂತಿಗಳನ್ನು ರಬ್ಬರಿನಲ್ಲಿ ಹುದುಗಿಸಿ ಮಾಡಿದ ಈ ಪಟ್ಟಿಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಬೇಕು. ಟೈರು ಉರುಳುವಾಗ ಪ್ರತಿ ಸುತ್ತಿನಲ್ಲೂ ಪಟ್ಟಿಗಳ ಅಂಚಿನಲ್ಲಿ ಎಳೆತ ಉಂಟಾಗುತ್ತದೆ. ಅಲ್ಲಿನ ರಬ್ಬರು ತೆಳುವಾಗಿದ್ದರೆ ಅಥವಾ ಅಂಟು ದುರ್ಬಲವಾಗಿದ್ದರೆ ಕೂದಲೆಳೆಯಷ್ಟು ಬಿರುಕು ಮೂಡಿ, ಎರಡು ಪಟ್ಟಿಗಳ ನಡುವೆ ಒಳಗೊಳಗೇ ಹಬ್ಬುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಒಂದು ದಿನ ಹೆದ್ದಾರಿಯ ವೇಗದಲ್ಲಿ ಮೇಲಿನ ಪಟ್ಟಿಯ ಸಮೇತ ಇಡೀ ಟ್ರೆಡ್ ಕಿತ್ತು ಹಾರುತ್ತದೆ.

ಎಕ್ಸ್‌ಪ್ಲೋರರ್‌ಗೆ ಹಾಕಿದ್ದ 15 ಇಂಚಿನ ಎಟಿಎಕ್ಸ್, ಎಟಿಎಕ್ಸ್-2 ಹಾಗೂ ವೈಲ್ಡರ್‌ನೆಸ್ ಎಟಿ ಟೈರುಗಳಲ್ಲಿ ಆದದ್ದು ಇದೇ. ಟೆಕ್ಸಾಸ್, ಫ್ಲಾರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾ ಮೊದಲಾದ ಬಿಸಿಲಿನ ರಾಜ್ಯಗಳಲ್ಲಿಯೇ ಇಂಥ ಘಟನೆಗಳು ಹೆಚ್ಚು ನಡೆದವು. ಇದಕ್ಕೆ ಕಾರಣವಿದೆ. ಬಿಸಿಯಾದಷ್ಟೂ ರಬ್ಬರಿನ ಕಸುವು ಕುಂದುತ್ತದೆ. ವರ್ಷಗಳು ಕಳೆದಂತೆ ಶಾಖವು ಅದನ್ನು ಪೆಡಸಾಗಿಸುತ್ತದೆ. ಕಾದ ರಸ್ತೆ, ತುಂಬು ಭಾರ, ಹೆಚ್ಚಿನ ವೇಗ ಈ ಮೂರೂ ಕೂಡಿದರೆ ಒಳಗಿನ ಬಿರುಕು ಬೇಗ ಹಬ್ಬುತ್ತದೆ.

ಗಾಳಿಯ ಒತ್ತಡದ ವಿವಾದ

ಈ ಟೈರುಗಳಿಗೆ ಫೋರ್ಡ್ ಶಿಫಾರಸು ಮಾಡಿದ್ದ ಗಾಳಿಯ ಒತ್ತಡ 26 ಪೌಂಡ್. ಫೈರ್‌ಸ್ಟೋನ್ ಕಂಪೆನಿ ಬಳಿಕ 30 ಪೌಂಡ್ ಇರಬೇಕೆಂದು ಹೇಳಿತು. ನಾಲ್ಕು ಪೌಂಡ್ ವ್ಯತ್ಯಾಸ ಕ್ಷುಲ್ಲಕವೆಂದು ತೋರಬಹುದು. ಆದರೆ ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಶಾಖ ಹುಟ್ಟುತ್ತದೆ. 26 ಪೌಂಡ್ ಇದ್ದ ಟೈರಿನಲ್ಲಿ ಎರಡು ಮೂರು ತಿಂಗಳು ಗಾಳಿ ನೋಡದೆ ಬಿಟ್ಟರೆ ಅದು 20ರ ಆಸುಪಾಸಿಗೆ ಇಳಿಯಬಹುದು. ಅಂದರೆ ಮಾಲೀಕರ ಮರೆವಿಗೆ ಉಳಿದಿದ್ದ ಅವಕಾಶವೇ ಅಲ್ಪ.

ಹಾಗಾದರೆ ಫೋರ್ಡ್ ಇಷ್ಟು ಕಡಿಮೆ ಒತ್ತಡವನ್ನು ಸೂಚಿಸಿದ್ದೇಕೆ? ನ್ಯಾಯಾಲಯದ ದಾವೆಗಳಲ್ಲಿ ಬಯಲಾದ ಕಂಪೆನಿಯ ಆಂತರಿಕ ಕಡತಗಳು ಉತ್ತರ ನೀಡಿದವು. ವಾಹನ ಮಾರುಕಟ್ಟೆಗೆ ಬರುವ ಮೊದಲೇ ನಡೆದ ಪರೀಕ್ಷೆಗಳಲ್ಲಿ, ವೇಗದಲ್ಲಿ ತಿರುಗಿಸಿದಾಗ ಚಕ್ರಗಳು ನೆಲ ಬಿಟ್ಟು ಏಳುತ್ತಿದ್ದವು. ಚಕ್ರಗಳ ನಡುವಿನ ಅಗಲ ಹೆಚ್ಚಿಸುವುದು, ಎಂಜಿನ್ ಕೆಳಗಿಳಿಸುವುದು ಇತ್ಯಾದಿ ದಾರಿಗಳು ಎಂಜಿನಿಯರುಗಳ ಮುಂದಿದ್ದವು. ಅವಕ್ಕೆ ಸಮಯವೂ ಹಣವೂ ಬೇಕು. ಸಸ್ಪೆನ್ಷನ್ ಬದಲಾಯಿಸಿ, ಟೈರಿನ ಗಾಳಿಯನ್ನು ಕಡಿಮೆ ಮಾಡುವ ಸುಲಭದ ದಾರಿಯನ್ನು ಕಂಪೆನಿ ಹಿಡಿಯಿತು. ಗಾಳಿ ಕಡಿಮೆಯಾದರೆ ಟೈರು ರಸ್ತೆಯನ್ನು ಅಷ್ಟು ಚುರುಕಾಗಿ ಕಚ್ಚುವುದಿಲ್ಲ. ವಾಹನ ಮಗುಚುವ ಬದಲು ಜಾರುತ್ತದೆ ಎಂಬುದು ಲೆಕ್ಕಾಚಾರ. ಹೀಗೆ ವಾಹನದ ದೌರ್ಬಲ್ಯದ ಹೊರೆ ಟೈರಿನ ಮೇಲೆ ಬಿತ್ತು.

ಇಬ್ಬರೂ ಪರಸ್ಪರ ಬೆರಳು ತೋರಿಸಿದರು. ಇದೇ ಎಕ್ಸ್‌ಪ್ಲೋರರ್‌ಗೆ, ಇದೇ ಒತ್ತಡದಲ್ಲಿ ಹಾಕಿದ ಗುಡ್‌ಇಯರ್ ಟೈರುಗಳು ಏಕೆ ಕಿತ್ತು ಬರಲಿಲ್ಲ ಎಂದು ಫೋರ್ಡ್ ಕೇಳಿತು. ಇದೇ ಟೈರು ಬೇರೆ ವಾಹನಗಳಲ್ಲಿ ಇಷ್ಟು ಅನಾಹುತ ಮಾಡಲಿಲ್ಲವೇಕೆ ಎಂದು ಫೈರ್‌ಸ್ಟೋನ್ ಮರುಪ್ರಶ್ನೆ ಹಾಕಿತು. ಎರಡು ಪ್ರಶ್ನೆಗಳಲ್ಲೂ ಸತ್ಯಾಂಶವಿತ್ತು.

ಗುಟ್ಟು ಬಯಲಾದ ಬಗೆ

1998ರ ಜುಲೈನಲ್ಲಿಯೇ ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪೆನಿಯ ಸಂಶೋಧಕರೊಬ್ಬರು ಈ ಟೈರುಗಳಿಗೆ ಸಂಬಂಧಿಸಿದ 21 ಪ್ರಕರಣಗಳ ವಿವರವನ್ನು ಎನ್‌ಎಚ್‌ಟಿಎಸ್‌ಎಗೆ ಕಳುಹಿಸಿದ್ದರು. ಅದರಿಂದ ಯಾವ ತನಿಖೆಯೂ ಆರಂಭವಾಗಲಿಲ್ಲ. 1999ರಲ್ಲಿ ಸೌದಿ ಅರೇಬಿಯ ಸೇರಿದಂತೆ ಕೊಲ್ಲಿ ದೇಶಗಳಲ್ಲಿಯೂ, 2000ದಲ್ಲಿ ವೆನಿಜುವೆಲಾದಲ್ಲಿಯೂ ಫೋರ್ಡ್ ತಾನಾಗಿ ಟೈರು ಬದಲಾಯಿಸಿಕೊಟ್ಟಿತು. ಪರದೇಶದಲ್ಲಿ ಕೈಗೊಂಡ ಕ್ರಮವನ್ನು ಸ್ವದೇಶದ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಆಗ ಅಮೆರಿಕದಲ್ಲಿ ಇರಲಿಲ್ಲ, ತಿಳಿಸಲೂ ಇಲ್ಲ.

2000ದ ಫೆಬ್ರವರಿಯಲ್ಲಿ ಹ್ಯೂಸ್ಟನ್ ನಗರದ ಕೆಎಚ್‌ಒಯು ಟೆಲಿವಿಷನ್ ಕೇಂದ್ರ ಈ ಅಪಘಾತಗಳ ಕುರಿತು ವರದಿ ಪ್ರಸಾರ ಮಾಡಿತು. ಅದನ್ನು ನೋಡಿದ ಜನ ಸರಕಾರಿ ಸಂಸ್ಥೆಗೆ ದೂರು ನೀಡತೊಡಗಿದರು. ಮೇ 2ರಂದು ತನಿಖೆ ಆರಂಭವಾಯಿತು. ಟೈರು ಕಂಪೆನಿಗೆ ಬಂದಿದ್ದ ಪರಿಹಾರದ ಕ್ಲೇಮುಗಳನ್ನು ಜುಲೈ ಕೊನೆಗೆ ಪಡೆದು ಫೋರ್ಡ್ ವಿಶ್ಲೇಷಿಸಿದಾಗ ಯಾವ ಟೈರು, ಯಾವ ಕಾರ್ಖಾನೆ ಎಂಬುದು ಎದ್ದು ಕಂಡಿತು. ಆಗಸ್ಟ್ 9ರಂದು ಫೈರ್‌ಸ್ಟೋನ್ ರೀಕಾಲ್ ಘೋಷಿಸಿತು. ತಯಾರಾಗಿದ್ದ 1 ಕೋಟಿ 44 ಲಕ್ಷ ಟೈರುಗಳ ಪೈಕಿ ಸುಮಾರು 65 ಲಕ್ಷ ಇನ್ನೂ ಬಳಕೆಯಲ್ಲಿವೆ ಎಂಬುದು ಅಂದಾಜು.

ಜಗಳ ಅಲ್ಲಿಗೆ ನಿಲ್ಲಲಿಲ್ಲ. 2001ರ ಮೇ 21ರಂದು ಫೈರ್‌ಸ್ಟೋನ್, ಇನ್ನು ಮುಂದೆ ಫೋರ್ಡ್‌ಗೆ ಟೈರು ಕೊಡುವುದಿಲ್ಲವೆಂದು ಸಾರಿ ಸುಮಾರು 95 ವರ್ಷಗಳ ನಂಟು ಕಡಿದುಕೊಂಡಿತು. ಮರುದಿನವೇ ಫೋರ್ಡ್, ಉಳಿದ 1 ಕೋಟಿ 30 ಲಕ್ಷ ವೈಲ್ಡರ್‌ನೆಸ್ ಎಟಿ ಟೈರುಗಳನ್ನು ತನ್ನ ಖರ್ಚಿನಲ್ಲಿ ಬದಲಾಯಿಸುವುದಾಗಿ ಪ್ರಕಟಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಎನ್‌ಎಚ್‌ಟಿಎಸ್‌ಎ ತನ್ನ ತನಿಖಾ ವರದಿಯನ್ನು ಮುಗಿಸಿತು. 1998ರ ಮೇ ತಿಂಗಳಿಗಿಂತ ಮೊದಲು ತಯಾರಾದ ಇನ್ನಷ್ಟು ಟೈರುಗಳಲ್ಲೂ ಪಟ್ಟಿಯ ಅಂಚಿನ ದೋಷವಿದೆಯೆಂದು ಅದು ಹೇಳಿದ್ದರಿಂದ ಮತ್ತೆ ಸುಮಾರು 35 ಲಕ್ಷ ಟೈರುಗಳು ರೀಕಾಲ್ ಆದವು. ಈ ಟೈರುಗಳ ವೈಫಲ್ಯಕ್ಕೆ ಸಂಬಂಧಿಸಿ ಅಮೆರಿಕ ಒಂದರಲ್ಲೇ 271 ಮಂದಿ ಸತ್ತ ಬಗ್ಗೆ ಸಂಸ್ಥೆಗೆ ದೂರುಗಳು ಬಂದಿದ್ದವು. ಗಾಯಗೊಂಡವರು ನೂರಾರು ಮಂದಿ. ಮೊದಲ 21 ಪ್ರಕರಣಗಳ ಪಟ್ಟಿಗೂ ರೀಕಾಲ್‌ಗೂ ನಡುವೆ ಎರಡು ವರ್ಷ ಕಳೆದುಹೋಗಿತ್ತು.

ಡಿಕೇಟರ್ ಕಾರ್ಖಾನೆಯ ಕಥೆ

ಮೊದಲ ರೀಕಾಲ್‌ನಲ್ಲಿ ವೈಲ್ಡರ್‌ನೆಸ್ ಟೈರುಗಳ ಪೈಕಿ ಇಲಿನಾಯ್ ರಾಜ್ಯದ ಡಿಕೇಟರ್ ಕಾರ್ಖಾನೆಯಲ್ಲಿ ತಯಾರಾದವು ಮಾತ್ರ ಸೇರಿದ್ದವು. 1994ರಿಂದ 1996ರವರೆಗೆ ಅಲ್ಲಿ ದೀರ್ಘ ಕಾರ್ಮಿಕ ವಿವಾದ ನಡೆದಿತ್ತು. ಮುಷ್ಕರ ಹೂಡಿದವರ ಜಾಗಕ್ಕೆ ಕಂಪೆನಿ ಬದಲಿ ಕೆಲಸಗಾರರನ್ನು ನೇಮಿಸಿಕೊಂಡಿತ್ತು. ಅರ್ಥಶಾಸ್ತ್ರಜ್ಞರಾದ ಅಲನ್ ಕ್ರೂಗರ್ ಮತ್ತು ಅಲೆಕ್ಸಾಂಡರ್ ಮಾಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ವಿವಾದದ ಅವಧಿಯಲ್ಲಿ ಡಿಕೇಟರ್‌ನಲ್ಲಿ ತಯಾರಾದ ಟೈರುಗಳೇ ಹೆಚ್ಚು ವಿಫಲವಾದುದನ್ನು ತೋರಿಸಿದರು. ಅನುಭವವಿಲ್ಲದ ಕೈಗಳ ಪಾತ್ರಕ್ಕಿಂತಲೂ, ಮುಷ್ಕರದಿಂದ ಮರಳಿದವರೂ ಬದಲಿಯವರೂ ಅಕ್ಕಪಕ್ಕದಲ್ಲಿ ನಿಂತು ದುಡಿದ ಕಹಿ ವಾತಾವರಣದ ಪಾತ್ರ ದೊಡ್ಡದಿರಬಹುದು ಎಂಬುದು ಅವರ ಅಭಿಪ್ರಾಯ. 2001ರ ಡಿಸೆಂಬರಿನಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು.

ಎತ್ತರದ ವಾಹನ ಏಕೆ ಮಗುಚುತ್ತದೆ?

ಟೈರಿನ ಟ್ರೆಡ್ ಕಿತ್ತುಹೋದ ಮಾತ್ರಕ್ಕೆ ವಾಹನ ಮಗುಚಲೇಬೇಕೆಂದಿಲ್ಲ. ಸತ್ತವರ ಸಂಖ್ಯೆ ಇಷ್ಟು ದೊಡ್ಡದಾಗಲು ಎಸ್‌ಯುವಿಯ ಸ್ವಭಾವವೂ ಕಾರಣ. ಹಿಂದಿನ ಒಂದು ಚಕ್ರದ ಟ್ರೆಡ್ ಹೋದರೆ ಆ ಬದಿಯ ಹಿಡಿತ ತಪ್ಪಿ ವಾಹನದ ಹಿಂಭಾಗ ಪಕ್ಕಕ್ಕೆ ಎಳೆಯುತ್ತದೆ. ಗಾಬರಿಗೊಂಡ ಚಾಲಕ ಜೋರಾಗಿ ಬ್ರೇಕ್ ಒತ್ತಿ ಸ್ಟಿಯರಿಂಗ್ ತಿರುಗಿಸುತ್ತಾನೆ. ವಾಹನ ಅಡ್ಡಲಾಗಿ ಜಾರುತ್ತದೆ. ಅಡ್ಡಲಾದ ಚಕ್ರ ರಸ್ತೆಬದಿಯ ಮಣ್ಣನ್ನು ಕಚ್ಚಿದರೆ ಪಲ್ಟಿ ಖಚಿತ.

ಎಂಜಿನಿಯರುಗಳು ಇದನ್ನು ಒಂದು ಸರಳ ಅನುಪಾತದಿಂದ ಅಳೆಯುತ್ತಾರೆ. ಎಡ-ಬಲ ಚಕ್ರಗಳ ನಡುವಿನ ಅಗಲವನ್ನು, ನೆಲದಿಂದ ವಾಹನದ ಗುರುತ್ವ ಕೇಂದ್ರಕ್ಕಿರುವ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಯದು. ಸಂಖ್ಯೆ ದೊಡ್ಡದಾದಷ್ಟೂ ವಾಹನ ಸ್ಥಿರ. ಸಾಮಾನ್ಯ ಕಾರುಗಳಲ್ಲಿ ಇದು 1.3ರಿಂದ 1.5ರಷ್ಟಿದ್ದರೆ, ಎಸ್‌ಯುವಿ, ವ್ಯಾನ್, ಪಿಕಪ್‌ಗಳಲ್ಲಿ 1.0ರಿಂದ 1.3ರಷ್ಟಿರುತ್ತದೆ. ಎಕ್ಸ್‌ಪ್ಲೋರರ್ ಇತರ ಎಸ್‌ಯುವಿಗಳಿಗಿಂತ ಹೆಚ್ಚು ದೋಷಪೂರಿತ ಎನ್ನಲು ಆಧಾರವಿಲ್ಲವೆಂದು ಹೇಳಿ, ಅದರ ಮೇಲೆ ಪ್ರತ್ಯೇಕ ತನಿಖೆ ಬೇಕೆಂಬ ಫೈರ್‌ಸ್ಟೋನ್ ಕೋರಿಕೆಯನ್ನು ಎನ್‌ಎಚ್‌ಟಿಎಸ್‌ಎ 2002ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಈ ತೀರ್ಮಾನ ಫೋರ್ಡ್‌ಗೆ ನೆಮ್ಮದಿ ತಂದಿರಬಹುದು. ಆದರೆ ಮಗುಚುವ ಗುಣ ಒಂದು ವಾಹನದ್ದಲ್ಲ, ಆ ಇಡೀ ವರ್ಗದ್ದು ಎಂಬ ಅರ್ಥವೂ ಅದರಲ್ಲಿದೆ. 2002ರ ಹೊಸ ಮಾದರಿಯನ್ನು ಫೋರ್ಡ್ ಎರಡೂವರೆ ಇಂಚು ಅಗಲವಾಗಿಯೇ ತಂದಿತು.

ಕಾನೂನು ಬದಲಾಯಿತು

2000ದ ನವೆಂಬರ್ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ‘ಟ್ರೆಡ್’ ಕಾಯ್ದೆಗೆ ಅಂಕಿತ ಹಾಕಿದರು. ಸಾವು-ನೋವಿನ ಕ್ಲೇಮು, ವಾರಂಟಿ ರಿಪೇರಿ, ಗ್ರಾಹಕರ ದೂರು ಇವುಗಳ ಲೆಕ್ಕವನ್ನು ಕಂಪೆನಿಗಳು ಸರಕಾರಕ್ಕೆ ನಿಯತವಾಗಿ ಒಪ್ಪಿಸಬೇಕಾಯಿತು. ಹೊರದೇಶದಲ್ಲಿ ಮಾಡಿದ ರೀಕಾಲ್ ಬಗ್ಗೆ ತಿಳಿಸುವುದೂ ಕಡ್ಡಾಯವಾಯಿತು. ಟೈರಿನ ಗಾಳಿ ಶೇ 25ರಷ್ಟು ಇಳಿದರೆ ಎಚ್ಚರಿಸುವ ದೀಪ 2007ರ ಸೆಪ್ಟೆಂಬರ್‌ನಿಂದ ಅಮೆರಿಕದ ಎಲ್ಲ ಹೊಸ ಲಘು ವಾಹನಗಳಿಗೆ ಬಂದದ್ದು ಇದೇ ಕಾಯ್ದೆಯ ಫಲ. ವಾಹನ ಅಡ್ಡಲಾಗಿ ಜಾರತೊಡಗಿದೊಡನೆ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ನೇರಗೊಳಿಸುವ ಇಎಸ್‌ಸಿ ವ್ಯವಸ್ಥೆಯೂ 2012ರ ಮಾದರಿಗಳಿಂದ ಅಲ್ಲಿ ಕಡ್ಡಾಯವಾಯಿತು. ಎಸ್‌ಯುವಿ ಮಗುಚುವುದನ್ನು ತಗ್ಗಿಸಿದ ಸಾಧನಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ನಿಂತಲ್ಲೇ ಬೆಂಕಿ

ಫೋರ್ಡ್‌ನ ಇನ್ನೊಂದು ದೊಡ್ಡ ರೀಕಾಲ್‌ಗೆ ಕಾರಣ ಬೆರಳುದ್ದದ ಒಂದು ಸ್ವಿಚ್ಚು. ಬ್ರೇಕ್ ಒತ್ತಿದಾಗ ಕ್ರೂಸ್ ಕಂಟ್ರೋಲನ್ನು ಕಡಿತಗೊಳಿಸುವ ಈ ಸ್ವಿಚ್ಚನ್ನು ಬ್ರೇಕಿನ ಮಾಸ್ಟರ್ ಸಿಲಿಂಡರಿಗೆ ಜೋಡಿಸಲಾಗಿತ್ತು. ಅದರೊಳಗೆ ಒಂದು ಬದಿಯಲ್ಲಿ ಬ್ರೇಕ್ ಆಯಿಲ್, ಇನ್ನೊಂದು ಬದಿಯಲ್ಲಿ ವಿದ್ಯುತ್ ಸಂಪರ್ಕ; ನಡುವೆ ತೆಳು ಪ್ಲಾಸ್ಟಿಕ್ ಪೊರೆ. ಪೊರೆ ಬಿರಿದರೆ ಆಯಿಲ್ ಸೋರಿ, ಸಂಪರ್ಕ ತುಕ್ಕು ಹಿಡಿದು, ಕೊನೆಗೆ ಕಾವೇರಿ ಹೊತ್ತಿಕೊಳ್ಳುತ್ತಿತ್ತು. ಕೀಲಿ ತೆಗೆದಮೇಲೂ ಸ್ವಿಚ್ಚಿಗೆ ಬ್ಯಾಟರಿಯಿಂದ ವಿದ್ಯುತ್ ಹರಿಯುತ್ತಲೇ ಇದ್ದುದರಿಂದ, ರಾತ್ರಿ ಮನೆಯ ಗ್ಯಾರೇಜಿನಲ್ಲಿ ನಿಂತ ವಾಹನಕ್ಕೂ ಬೆಂಕಿ ತಗಲುವ ಅಪಾಯವಿತ್ತು. 1999ರಿಂದ 2009ರವರೆಗೆ ಹಂತಹಂತವಾಗಿ ಎಕ್ಸ್‌ಪ್ಲೋರರ್‌ನ ಕೆಲವು ಮಾದರಿಗಳೂ ಸೇರಿ 1 ಕೋಟಿ 40 ಲಕ್ಷಕ್ಕೂ ಅಧಿಕ ಫೋರ್ಡ್ ವಾಹನಗಳನ್ನು ಇದಕ್ಕಾಗಿ ಕರೆಸಲಾಯಿತು. ಪರಿಹಾರವೇನೆಂದರೆ ನಡುವೆ ಫ್ಯೂಸ್ ಇರುವ ಒಂದು ತುಂಡು ವೈರಿನ ಜೋಡಣೆ, ಅಷ್ಟೆ.

ರೀಕಾಲ್ ಆಗದ ದೋಷಗಳು

ಎಕ್ಸ್‌ಪ್ಲೋರರ್ ಮಾಲೀಕರ ಹಣ ಕರಗಿಸಿದ ದೋಷಗಳು ಬೇರೆಯೇ ಇವೆ. 1997ರಿಂದ ಬಂದ 4 ಲೀಟರ್‌ನ ಎಸ್‌ಒಎಚ್‌ಸಿ ವಿ6 ಎಂಜಿನ್‌ನಲ್ಲಿ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡುಗಳು ಮುರಿಯುವುದು ಪ್ರಸಿದ್ಧ. ಬೆಳಗಿನ ಹೊತ್ತು ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಡಬ್ಬಿಯಲ್ಲಿ ಕಲ್ಲು ಅಲುಗಾಡಿಸಿದಂಥ ಸದ್ದು ಅದರ ಮುನ್ಸೂಚನೆ. ಆ ಎಂಜಿನ್‌ನಲ್ಲಿ ಒಂದು ಚೈನು ಹಿಂಬದಿಯಲ್ಲೂ ಇರುವುದರಿಂದ, ಅದನ್ನು ತಲುಪಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಲೇಬೇಕು. ಬಿಡಿಭಾಗಕ್ಕಿಂತ ಕೂಲಿಯೇ ದುಬಾರಿ.

2002ರ ನಂತರದ ಮಾದರಿಗಳ ಐದು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ ಸರ್ವೊ ಪಿನ್ನು ಕೂರುವ ರಂಧ್ರಗಳು ಸವೆದು, ಗೇರ್ ಬದಲಾಗುವಾಗ ಎಂಜಿನ್ ವೃಥಾ ಕಿರುಚುವುದು ಸಾಮಾನ್ಯ. ಅದೇ ಕಾಲದ ವಾಹನಗಳಲ್ಲಿ ಹಿಂಚಕ್ರದ ಬೇರಿಂಗ್ ಬೇಗ ಸವೆದು ಗುಂಯ್‌ಗುಡುತ್ತಿತ್ತು. ಹಿಂಬಾಗಿಲ ಗಾಜಿನ ಕೆಳಗಿನ ಪ್ಲಾಸ್ಟಿಕ್ ಫಲಕ ಸೀಳುವುದೂ ಇತ್ತು. ಇದು ನೋಟಕ್ಕಷ್ಟೇ ಕುಂದು.

2011ರಿಂದ 2019ರವರೆಗಿನ ಮಾದರಿಗಳ 3.5 ಲೀಟರ್ ಎಂಜಿನ್‌ನಲ್ಲಿ ವಾಟರ್ ಪಂಪ್ ಎಂಜಿನ್ನಿನ ಒಳಗೇ ಇದ್ದು ಟೈಮಿಂಗ್ ಚೈನಿನಿಂದ ತಿರುಗುತ್ತದೆ. ಅದರ ಸೀಲು ಹಾಳಾದರೆ ಕೂಲೆಂಟ್ ನೇರವಾಗಿ ಎಂಜಿನ್ ಆಯಿಲ್‌ಗೆ ಬೆರೆಯಬಹುದು. ಸಕಾಲದಲ್ಲಿ ಗೊತ್ತಾಗದಿದ್ದರೆ ಎಂಜಿನ್ನೇ ಹೋದಂತೆ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಎಂಜಿನ್ ಚಾಲೂ ಮಾಡದಿರುವುದೇ ಲೇಸು.

ಎರಡರ ನಡುವಿನ ಗೆರೆಯ ಮೇಲೆ ನಿಂತ ದೂರೊಂದಿದೆ. 2011ರಿಂದ 2017ರ ಮಾದರಿಗಳಲ್ಲಿ ಹೊಗೆಯ ವಾಸನೆ ಒಳಗೆ ಬರುತ್ತಿದೆಯೆಂದು ಸಾವಿರಾರು ಜನ ದೂರಿದರು. 2016ರ ಜುಲೈನಲ್ಲಿ ತನಿಖೆ ಆರಂಭವಾಯಿತು. ಹೆಚ್ಚುವರಿ ಸಲಕರಣೆ ಕೂರಿಸಲು ರಂಧ್ರ ಕೊರೆದ ಪೊಲೀಸ್ ವಾಹನಗಳು, ಹಿಂಬದಿಗೆ ಪೆಟ್ಟು ಬಿದ್ದು ರಿಪೇರಿಯಾದ ವಾಹನಗಳು ಇವುಗಳಲ್ಲಿ ಸಂದಿ ಮುಚ್ಚಿರದಿದ್ದುದು ಕಂಡುಬಂತು. ಫೋರ್ಡ್ ಉಚಿತವಾಗಿ ಸಂದಿ ಮುಚ್ಚಿಕೊಟ್ಟಿತು. 2023ರ ಜನವರಿಯಲ್ಲಿ ಎನ್‌ಎಚ್‌ಟಿಎಸ್‌ಎ ರೀಕಾಲ್‌ಗೆ ಆದೇಶಿಸದೆಯೇ ತನಿಖೆಯನ್ನು ಮುಗಿಸಿತು.

ಪರಿಹಾರವೇ ಅರೆಬರೆಯಾದಾಗ

2021ರಲ್ಲಿ ಹಿಂಚಕ್ರವನ್ನು ನೇರವಾಗಿ ಹಿಡಿದಿಡುವ ‘ಟೊ ಲಿಂಕ್’ ತುಂಡಾಗಬಹುದೆಂದು 2013-17ರ ಸುಮಾರು 7 ಲಕ್ಷ 75 ಸಾವಿರ ಎಕ್ಸ್‌ಪ್ಲೋರರ್‌ಗಳು ಜಗತ್ತಿನಾದ್ಯಂತ ರೀಕಾಲ್ ಆದವು. 2022ರ ಪ್ರಕರಣ ಇನ್ನೂ ಗಮನಾರ್ಹ. 2020-22ರ ಸುಮಾರು 2 ಲಕ್ಷ 50 ಸಾವಿರ ವಾಹನಗಳಲ್ಲಿ ಹಿಂಬದಿಯ ಆಕ್ಸಲ್ ಹಿಡಿದಿಡುವ ಬೋಲ್ಟ್ ಮುರಿಯುವ ಸಂಭವವಿತ್ತು. ಬೋಲ್ಟ್ ಮುರಿದರೆ ಡ್ರೈವ್ ಶಾಫ್ಟ್ ಕಳಚಿ, ಪಾರ್ಕಿಂಗ್ ಗೇರಿನಲ್ಲಿ ನಿಂತ ವಾಹನವೂ ಇಳಿಜಾರಿನಲ್ಲಿ ಉರುಳಬಹುದು. ಫೋರ್ಡ್ ಬೋಲ್ಟನ್ನು ಬದಲಿಸಲಿಲ್ಲ. ಪಾರ್ಕಿಂಗ್‌ಗೆ ಹಾಕಿದಾಗ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ತಾನಾಗಿ ಬೀಳುವಂತೆ ಸಾಫ್ಟ್‌ವೇರ್ ಬದಲಿಸಿತು. ಮುರಿಯುವ ಬೋಲ್ಟ್ ಹಾಗೆಯೇ ಉಳಿಯಿತು. ಮಾಲೀಕರಿಂದ ದೂರುಗಳು ಬಂದಾಗ 2023ರಲ್ಲಿ ಎನ್‌ಎಚ್‌ಟಿಎಸ್‌ಎ ಈ ಪರಿಹಾರ ಸಾಕೇ ಎಂದು ಪ್ರಶ್ನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಫೋರ್ಡ್ ಮತ್ತೆ ರೀಕಾಲ್ ಘೋಷಿಸಿ ಭಾಗಗಳನ್ನೇ ಬದಲಿಸಲು ಒಪ್ಪಬೇಕಾಯಿತು. ಅಂದರೆ ಒಮ್ಮೆ ರೀಕಾಲ್ ಆಗಿದೆಯೆಂದು ಕೈತೊಳೆದುಕೊಳ್ಳುವಂತಿಲ್ಲ.

ಭಾರತದಲ್ಲಿ ಏನಿದೆ?

ನಮ್ಮ ದೇಶದಲ್ಲಿ ದೀರ್ಘಕಾಲ ರೀಕಾಲ್‌ಗೆ ಕಾನೂನಿನ ಬಲವೇ ಇರಲಿಲ್ಲ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ 2012ರ ಜುಲೈನಲ್ಲಿ ಸ್ವಯಂಪ್ರೇರಿತ ರೀಕಾಲ್ ಸಂಹಿತೆಯನ್ನು ತಂದಿತು. ಮರುವರ್ಷ ಜುಲೈನಲ್ಲಿ ಜನರಲ್ ಮೋಟಾರ್ಸ್ 1 ಲಕ್ಷ 14 ಸಾವಿರ ಶೆವ್ರೊಲೆ ತವೇರಾಗಳನ್ನು ಹೊಗೆ ಪ್ರಮಾಣದ ನಿಯಮೋಲ್ಲಂಘನೆಯ ಕಾರಣಕ್ಕೂ, ಸೆಪ್ಟೆಂಬರಿನಲ್ಲಿ ಫೋರ್ಡ್ ಇಂಡಿಯಾ 1 ಲಕ್ಷ 66 ಸಾವಿರ ಫಿಗೊ ಹಾಗೂ ಕ್ಲಾಸಿಕ್ ಕಾರುಗಳನ್ನು ಹಿಂಬದಿಯ ಸಸ್ಪೆನ್ಷನ್ ಮತ್ತು ಪವರ್ ಸ್ಟಿಯರಿಂಗ್ ಕೊಳವೆಯ ದೋಷಕ್ಕಾಗಿಯೂ ಕರೆಸಿಕೊಂಡವು.

2019ರ ಮೋಟಾರು ವಾಹನ (ತಿದ್ದುಪಡಿ) ಕಾಯ್ದೆಯ 110-ಎ ಕಲಮು ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನಗಳಿಗೆ ಇವು ಅನ್ವಯ. ಮಾರಾಟದ ಪ್ರಮಾಣಕ್ಕೆ ಅನುಗುಣವಾಗಿ ನಿಗದಿಪಡಿಸಿದಷ್ಟು ದೂರುಗಳು ಬಂದರೆ ತನಿಖೆ ನಡೆಸಿ, ರೀಕಾಲ್‌ಗೆ ಆದೇಶಿಸಿ, ಕಂಪೆನಿಗೆ 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಇದರರ್ಥ ಸ್ಪಷ್ಟ: ದೂರು ಬರೆಯದೆ ಗ್ಯಾರೇಜಿನಲ್ಲೇ ಗೊಣಗಿ ಸುಮ್ಮನಾದರೆ ಲೆಕ್ಕಕ್ಕೆ ಸೇರುವುದಿಲ್ಲ. ಅಮೆರಿಕದಲ್ಲಿ ತನಿಖೆಗೆ ಚಾಲನೆ ಸಿಕ್ಕಿದ್ದೂ ಮಾಲೀಕರ ದೂರುಗಳಿಂದಲೇ.

ಮಾಲೀಕರು ಗಮನಿಸಬೇಕಾದ್ದು

ರೀಕಾಲ್ ಪತ್ರ ಮೊದಲ ಮಾಲೀಕನ ವಿಳಾಸಕ್ಕೆ ಹೋಗುವುದೇ ಹೆಚ್ಚು. ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಂಡವರು ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಿ ಅಥವಾ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ, ಬಾಕಿ ರೀಕಾಲ್ ಇದೆಯೇ ಎಂದು ತಿಳಿಯಬೇಕು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು 17 ಅಂಕಿ-ಅಕ್ಷರಗಳ ವಿಐಎನ್ ಸಂಖ್ಯೆಯನ್ನು ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಪರೀಕ್ಷಿಸಬಹುದು. ಬಾಡಿಗೆ ಕಾರಿನ ದೊಡ್ಡ ಕಂಪೆನಿಗಳು ರೀಕಾಲ್ ಬಾಕಿಯಿರುವ ವಾಹನವನ್ನು ಬಾಡಿಗೆಗೆ ಕೊಡುವಂತಿಲ್ಲ ಎಂಬ ಕಾನೂನು 2016ರಿಂದ ಅಲ್ಲಿದೆ. ಹಳೆಯ ಕಾರು ಮಾರುವ ಡೀಲರುಗಳಿಗೆ ಅಂಥ ಒಕ್ಕೂಟ ಕಾನೂನಿನ ತಡೆಯಿಲ್ಲ ಎಂಬುದು ನೆನಪಿರಲಿ.

ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆ, ವಾಹನ ಓಡಿಸುವ ಮುನ್ನ ಟೈರು ತಣ್ಣಗಿರುವಾಗಲೇ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿದೆ. ಟೈರಿನ ಪಕ್ಕೆಯ ಮೇಲೆ ಬರೆದಿರುವುದು ಗರಿಷ್ಠ ಮಿತಿ ಮಾತ್ರ. ಪಕ್ಕೆಯ ಮೇಲಿನ ನಾಲ್ಕು ಅಂಕಿ ಟೈರಿನ ಜನ್ಮದಿನಾಂಕ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿದ್ದರೂ ವರ್ಷ ಮೀರಿದ ಟೈರು ನಂಬಿಕೆಗೆ ಅರ್ಹವಲ್ಲ. ಹಿಂದೆ ಬಳಸದೆ ತೂಗುಹಾಕಿದ ಸ್ಟೆಪ್ನಿಯ ವಯಸ್ಸೂ ಇದೇ ರೀತಿ ಏರುತ್ತಿರುತ್ತದೆ.

ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟಾಗ ಆಸನಕ್ಕೆ ಮೀರಿ ಜನ ಕೂತು, ಮೇಲಿನ ಕ್ಯಾರಿಯರ್‌ನಲ್ಲಿ ಗಂಟುಮೂಟೆ ಕಟ್ಟುವುದು ನಮ್ಮಲ್ಲಿ ರೂಢಿ. ಮೇಲೇರಿಸಿದ ಪ್ರತಿ ಕಿಲೊ ಭಾರವೂ ಗುರುತ್ವ ಕೇಂದ್ರವನ್ನು ಎತ್ತರಕ್ಕೆ ಒಯ್ಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯ ರಸ್ತೆಗಳು ಟೆಕ್ಸಾಸ್ ರಸ್ತೆಗಳಿಗಿಂತ ತಂಪೇನಲ್ಲ. ಓಡುವಾಗ ಟೈರಿನಿಂದ ದಬದಬ ಸದ್ದು ಅಥವಾ ಹೊಸ ನಡುಕ ಕಂಡುಬಂದರೆ ನಿಲ್ಲಿಸಿ ನೋಡಬೇಕು. ಟ್ರೆಡ್ ಕಿತ್ತೇ ಹೋದರೆ ಸ್ಟಿಯರಿಂಗ್ ನೇರವಾಗಿ ಬಿಗಿಹಿಡಿದು, ಬ್ರೇಕ್ ಒತ್ತದೆ, ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆದು, ವೇಗ ತಾನಾಗಿ ಇಳಿದಮೇಲೆ ಬದಿಗೆ ಒಯ್ಯಬೇಕು. ಎಲ್ಲಕ್ಕೂ ಮಿಗಿಲಾಗಿ, ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳಬೇಕು. ವಾಹನ ಮಗುಚಿದಾಗ ಹೊರಗೆ ಎಸೆಯಲ್ಪಟ್ಟವರು ಬದುಕುಳಿಯುವುದು ಕಡಿಮೆ.

ದೋಷವಿಲ್ಲದ ಯಂತ್ರವನ್ನು ಯಾವ ಕಂಪೆನಿಯೂ ತಯಾರಿಸಿಲ್ಲ. ಆದ್ದರಿಂದ ರೀಕಾಲ್ ಮಾಡಿದ ಕಂಪೆನಿಯನ್ನು ಹಳಿಯುವ ಮುನ್ನ, ದೋಷ ಗೊತ್ತಾದ ಮೇಲೆ ಅದು ಎಷ್ಟು ದಿನ ಸುಮ್ಮನಿತ್ತು ಎಂದು ಕೇಳಬೇಕು. ರೀಕಾಲ್ ಪತ್ರ ಕೈಗೆ ಬಂದ ಮಾಲೀಕರೂ ಅದೇ ಪ್ರಶ್ನೆಯನ್ನು ತಮಗೆ ಹಾಕಿಕೊಳ್ಳುವುದು ಒಳ್ಳೆಯದು. ರಿಪೇರಿ ಉಚಿತ, ಹಿಡಿಯುವ ಸಮಯ ಹೆಚ್ಚೆಂದರೆ ಒಂದೆರಡು ದಿನ.